ಮನೆಯ ಸ್ಮಾರ್ಟ್ ಮೀಟರ್: ಲಾಭ ನಷ್ಟದ ಲೆಕ್ಕ

ವ್ಯಾಪಾರದಲ್ಲಿ ತೂಕ ಸರಿಯಾಗಿದ್ದರೆ ಸಾಲದು, ತಕ್ಕಡಿಯ ಮುಳ್ಳು ಕೊಳ್ಳುವವನಿಗೂ ಕಾಣುವಂತಿರಬೇಕು ಎಂಬುದು ಹಳೆಯ ನಿಯಮ. ವಿದ್ಯುತ್ ಮಾತ್ರ ಈ ನಿಯಮಕ್ಕೆ ಬಹುಕಾಲ ಹೊರತಾಗಿತ್ತು. ಮಾಪಕ ಇರುವುದು ಗ್ರಾಹಕನ ಗೋಡೆಯ ಮೇಲೆ. ಆದರೆ ತಿಂಗಳಿಗೊಮ್ಮೆ ಅದನ್ನು ಓದುವವರು ಮಾರಾಟಗಾರರ ಕಡೆಯವರು. ಸ್ಮಾರ್ಟ್ ಮೀಟರ್ ಈ ಸ್ಥಿತಿಯನ್ನು ಬದಲಾಯಿಸಬಲ್ಲದು. ಆದರೆ ಅದರ ಲಾಭ ಗ್ರಾಹಕನಿಗೆ ತಾನಾಗಿ ಬರುವುದಿಲ್ಲ. ಮೀಟರ್ ದಾಖಲಿಸುವ ಅಂಕಿಗಳನ್ನು ಓದಿ ಅದರಂತೆ ಬಳಕೆಯನ್ನು ತಿದ್ದಿಕೊಂಡವನಿಗೆ ಮಾತ್ರ ಲಾಭ. ಉಳಿದವರಿಗೆ ಅದು ಕೇವಲ ಹೆಚ್ಚು ಬೆಲೆಯ ಮೀಟರ್.

ಕಾರ್ಯವಿಧಾನ

ಸ್ಮಾರ್ಟ್ ಮೀಟರ್ ಮೂಲತಃ ಒಂದು ಎಲೆಕ್ಟ್ರಾನಿಕ್ ಮೀಟರ್. ಅದಕ್ಕೆ ಎರಡು ಅಂಗಗಳು ಸೇರಿವೆ. ಮೊದಲನೆಯದು, ರೇಡಿಯೋ ಅಲೆ ಅಥವಾ ಮೊಬೈಲ್ ಜಾಲದ ಮೂಲಕ ವಿತರಣಾ ಕಂಪೆನಿಯ ಗಣಕದೊಡನೆ ಮಾಹಿತಿಯನ್ನು ಕಳುಹಿಸಿ ಸ್ವೀಕರಿಸುವ ಸಂಪರ್ಕ ಸಾಧನ. ಎರಡನೆಯದು, ದೂರದಿಂದಲೇ ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಬಲ್ಲ ಸ್ವಿಚ್ಚು. ಭಾರತದಲ್ಲಿ ಇಂತಹ ಮೀಟರುಗಳಿಗೆ ಐಎಸ್ 16444 ಎಂಬ ಮಾನಕವಿದೆ. ದಿನವನ್ನು ಅರ್ಧ ಗಂಟೆ ಅಥವಾ ಕಾಲು ಗಂಟೆಯ ಅವಧಿಗಳಾಗಿ ವಿಂಗಡಿಸಿ, ಪ್ರತಿ ಅವಧಿಯ ಬಳಕೆಯನ್ನು ಮೀಟರ್ ದಾಖಲಿಸುತ್ತದೆ.

ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ ವಿತರಣಾ ವಲಯ ಸುಧಾರಣಾ ಯೋಜನೆಯಡಿ ದೇಶದಾದ್ಯಂತ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿ ಇರಿಸಿಕೊಂಡಿತು. ಕರ್ನಾಟಕದಲ್ಲಿ 2025ರ ಆರಂಭದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯಗೊಂಡಾಗ, ಸಿಂಗಲ್ ಫೇಸ್ ಮೀಟರಿನ ಬೆಲೆಯೇ ಸುಮಾರು 5,000 ರೂ. ಎಂಬ ಸಂಗತಿ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಅನುಕೂಲಗಳು

1. ಅಂದಾಜು ಬಿಲ್ಲಿನ ನಿವಾರಣೆ: ಬೀಗ ಹಾಕಿದ ಮನೆ, ತಪ್ಪು ಓದಿಕೆ ಮುಂತಾದ ಕಾರಣಗಳಿಂದ ಬರುವ ಸರಾಸರಿ ಬಿಲ್ಲುಗಳು ತಪ್ಪುತ್ತವೆ. ಸ್ಮಾರ್ಟ್ ಮೀಟರನ್ನು ದಿನಕ್ಕೊಮ್ಮೆಯಾದರೂ ದೂರದಿಂದ ಓದಬೇಕೆಂದು ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ.

2. ಸೋರಿಕೆಯ ಪತ್ತೆ: ಎಲ್ಲರೂ ಮಲಗಿರುವ ರಾತ್ರಿ 2ರಿಂದ 4 ಗಂಟೆಯ ಬಳಕೆಯನ್ನು ನೋಡಿದರೆ ಮನೆಯ ಮೂಲ ಹೊರೆ ತಿಳಿಯುತ್ತದೆ. ಆರಿಸದೆ ಬಿಟ್ಟ ಉಪಕರಣಗಳು ಒಟ್ಟು 40 ವ್ಯಾಟ್ ಸೆಳೆಯುತ್ತಿದ್ದರೂ ತಿಂಗಳಿಗೆ 28.8 ಯೂನಿಟ್ ವ್ಯಯವಾಗುತ್ತದೆ. ಯೂನಿಟ್‌ಗೆ 6 ರೂ. ಎಂದು ಹಿಡಿದರೆ ಇದು ಸುಮಾರು 173 ರೂ. ಈ ಒಂದು ಸೋರಿಕೆಯನ್ನು ತಡೆದರೂ 5,000 ರೂ.ಗಳ ಮೀಟರಿನ ವೆಚ್ಚ ಸುಮಾರು 29 ತಿಂಗಳಲ್ಲಿ ಮರಳುತ್ತದೆ. ಆದರೆ ಗೃಹಜ್ಯೋತಿಯಡಿ ಶೂನ್ಯ ಬಿಲ್ ಪಡೆಯುವ ಮನೆಗೆ ಈ ಉಳಿತಾಯ ಹಣದ ರೂಪದಲ್ಲಿ ದೊರೆಯದು.

3. ಠೇವಣಿಯಿಂದ ವಿನಾಯಿತಿ: ಪ್ರಿಪೇಯ್ಡ್ ಮೀಟರ್ ಮೂಲಕ ವಿದ್ಯುತ್ ಪಡೆಯುವವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲವೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಮು ಸ್ಪಷ್ಟಪಡಿಸಿದೆ. ಬಂಡವಾಳದ ಕೊರತೆಯಿರುವ ಸಣ್ಣ ಉದ್ಯಮಿಗೆ ಇದು ಗಣನೀಯ.

ಅನಾನುಕೂಲಗಳು

1. ಒಮ್ಮೆಲೇ ಅನೇಕರಿಗೆ ತೊಂದರೆ: 2020ರ ಆಗಸ್ಟ್ 12ರಂದು, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ವ್ಯವಸ್ಥೆಯ ದೋಷದಿಂದ ಒಂದು ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಗ್ರಾಹಕರ ಸಂಪರ್ಕ ಕಡಿತಗೊಂಡಿತು. ಬಳಿಕ ಅಲ್ಲಿನ ಸರ್ಕಾರ ಹೊಸ ಮೀಟರುಗಳ ಅಳವಡಿಕೆಯನ್ನು ತಡೆಹಿಡಿಯಬೇಕಾಯಿತು. ಒಂದೆಡೆಯಿಂದ ಕೊಡುವ ಆದೇಶ ಎಷ್ಟು ಸುಲಭವೋ, ಅದರ ತಪ್ಪು ಅಷ್ಟೇ ವಿಶಾಲ.

2. ಗೋಪ್ಯತೆ: ಅರ್ಧ ಗಂಟೆಗೊಮ್ಮೆ ದಾಖಲಾಗುವ ಅಂಕಿಗಳಿಂದ ಮನೆಯವರು ಎದ್ದ ಹೊತ್ತು, ಊರಿನಲ್ಲಿ ಇಲ್ಲದ ದಿನ ಇವೆಲ್ಲ ತಿಳಿಯುತ್ತವೆ. ಈ ಆತಂಕದಿಂದಲೇ ನೆದರ್ಲೆಂಡ್ಸ್‌ನ ಸಂಸತ್ತಿನ ಮೇಲ್ಮನೆ 2009ರಲ್ಲಿ ಕಡ್ಡಾಯ ಅಳವಡಿಕೆಯನ್ನು ಒಪ್ಪಲಿಲ್ಲ.

3. ಬಿಲ್ ಏರಿಕೆ: ಸವೆದು ನಿಧಾನವಾದ ಹಳೆಯ ಚಕ್ರದ ಮೀಟರು ಸಣ್ಣ ಹೊರೆಗಳನ್ನು ಸರಿಯಾಗಿ ಲೆಕ್ಕ ಹಿಡಿಯುತ್ತಿರಲಿಲ್ಲ. ಹೊಸ ಮೀಟರು ಅವನ್ನೂ ದಾಖಲಿಸುವುದರಿಂದ ಬಿಲ್ ಏರಬಹುದು. ಇಂತಹ ಏರಿಕೆಯನ್ನು ಹೊಸ ಮೀಟರಿನ ದೋಷವೆನ್ನಲಾಗದು.

ಲೋಡು ಮತ್ತು ವೇಳೆ

ಮನೆಯಲ್ಲೇ ಸಣ್ಣ ಕಸುಬು ನಡೆಸುವವರು ವಿಶೇಷವಾಗಿ ಗಮನಿಸಬೇಕಾದುದು ಗರಿಷ್ಠ ಬೇಡಿಕೆ. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಬೆಳಗ್ಗೆ ಒಂದೇ ಅರ್ಧ ಗಂಟೆಯಲ್ಲಿ 2 ಕಿಲೋವ್ಯಾಟ್‌ನ ಗೀಸರ್, 1 ಕಿಲೋವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ, ಸುಮಾರು ಅಷ್ಟನ್ನೇ ಸೆಳೆಯುವ ಪಂಪು ಒಟ್ಟಿಗೆ ನಡೆದರೆ ಬೇಡಿಕೆ 4 ಕಿಲೋವ್ಯಾಟ್ ಮುಟ್ಟುತ್ತದೆ. ಗೀಸರಿನ ಕೆಲಸ ಮುಗಿದ ಮೇಲೆ ಉಳಿದೆರಡನ್ನು ನಡೆಸಿದರೆ ಅದು 2 ಕಿಲೋವ್ಯಾಟ್ ದಾಟದು. ಎರಡರಲ್ಲೂ ಬಳಕೆಯಾಗುವ ಯೂನಿಟ್ ಒಂದೇ. ಆದರೆ ಮಂಜೂರಾದ ಲೋಡು ಏರಿದರೆ ಪ್ರತಿ ಕಿಲೋವ್ಯಾಟ್‌ಗೆ ತೆರುವ ನಿಗದಿತ ಶುಲ್ಕವೂ ಏರುತ್ತದೆ.

ಇಲ್ಲಿ 2023ರ ತಿದ್ದುಪಡಿ ಗ್ರಾಹಕನಿಗೆ ಎರಡು ರಕ್ಷಣೆಗಳನ್ನು ನೀಡಿದೆ. ಸ್ಮಾರ್ಟ್ ಮೀಟರ್ ತೋರಿಸಿದ ಗರಿಷ್ಠ ಬೇಡಿಕೆಯ ಆಧಾರದ ಮೇಲೆ, ಅದನ್ನು ಅಳವಡಿಸುವ ಮುಂಚಿನ ಅವಧಿಗೆ ದಂಡ ವಿಧಿಸುವಂತಿಲ್ಲ. ಅಲ್ಲದೆ, ಆರ್ಥಿಕ ವರ್ಷವೊಂದರಲ್ಲಿ ಕನಿಷ್ಠ ಮೂರು ಬಾರಿ ಮಿತಿ ಮೀರಿದಾಗ ಮಾತ್ರ ಲೋಡನ್ನು ಏರಿಸಬಹುದು. ಆಗಲೂ ಹಾಗೆ ಮೀರಿದ ಮಾಸಿಕ ಬೇಡಿಕೆಗಳಲ್ಲಿ ಅತ್ಯಂತ ಕಡಿಮೆಯದನ್ನೇ ಆಧಾರವಾಗಿ ತೆಗೆದುಕೊಳ್ಳಬೇಕು.

ಅದೇ ತಿದ್ದುಪಡಿ ವೇಳೆಗೆ ತಕ್ಕ ದರದ ತತ್ತ್ವವನ್ನೂ ಮುಂದಿಟ್ಟಿದೆ. ಸೌರಶಕ್ತಿ ದೊರೆಯುವ ಹಗಲಿನ ಅವಧಿಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕು. ಹೆಚ್ಚು ಬೇಡಿಕೆಯ ಅವಧಿಯಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಗಳಿಗೆ ಕನಿಷ್ಠ 1.2 ಪಟ್ಟು, ಕೃಷಿ ಹೊರತುಪಡಿಸಿ ಇತರರಿಗೆ ಕನಿಷ್ಠ 1.1 ಪಟ್ಟು ದರವಿರಬೇಕು. ರುಬ್ಬುವ ಯಂತ್ರವನ್ನು ಹಗಲಿಗೆ ಬದಲಾಯಿಸಬಲ್ಲವನಿಗೆ ಇದು ಅನುಕೂಲ. ಸಂಜೆಯೇ ವ್ಯಾಪಾರವಿರುವ ತಿಂಡಿ ಅಂಗಡಿಗೆ ಅಂತಹ ಆಯ್ಕೆಯಿಲ್ಲ. ದರ ನಿಗದಿ ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಕೈಯಲ್ಲಿರುವುದರಿಂದ ಪ್ರತಿ ವರ್ಷದ ದರ ಆದೇಶವನ್ನು ಓದಿಕೊಳ್ಳುವುದು ಅವಶ್ಯ.

ಗ್ರಾಹಕರು ಕೈಗೊಳ್ಳಬೇಕಾದ ಕ್ರಮಗಳು

- ಹಳೆಯ ಮೀಟರಿನ ಕೊನೆಯ ಅಂಕಿ ಮತ್ತು ಹೊಸದರ ಆರಂಭದ ಅಂಕಿಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು.

- ಉಳಿದೆಲ್ಲವನ್ನೂ ಆರಿಸಿ 1,000 ವ್ಯಾಟ್‌ನ ನೀರು ಕಾಯಿಸುವ ರಾಡನ್ನು, ನೀರಿನಲ್ಲಿ ಮುಳುಗಿಸಿಯೇ, ಒಂದು ಗಂಟೆ ಬಳಸಿದರೆ ಮೀಟರು ಸುಮಾರು 1 ಯೂನಿಟ್ ತೋರಬೇಕು. ವೋಲ್ಟೇಜ್ ಶೇ. 10ರಷ್ಟು ಕುಸಿದಿದ್ದರೆ 0.81 ಯೂನಿಟ್ ಬರುವುದು ಸಹಜ. ಅದು ಮೀಟರಿನ ದೋಷವಲ್ಲ.

- ಸಂಶಯ ಉಳಿದರೆ ಲಿಖಿತ ದೂರು ನೀಡಬೇಕು. 2024ರ ತಿದ್ದುಪಡಿಯಂತೆ, ದೂರು ಬಂದ ಐದು ದಿನಗಳೊಳಗೆ ವಿತರಣಾ ಕಂಪೆನಿ ಪರಿಶೀಲನಾ ಮೀಟರನ್ನು ಅಳವಡಿಸಿ, ಕನಿಷ್ಠ ಮೂರು ತಿಂಗಳು ಬಳಕೆಯನ್ನು ತಾಳೆ ನೋಡಬೇಕು.

- ವಾರಕ್ಕೊಮ್ಮೆ ರಾತ್ರಿಯ ಬಳಕೆ ಹಾಗೂ ಗರಿಷ್ಠ ಬೇಡಿಕೆ, ಇವೆರಡನ್ನು ಪುಸ್ತಕದಲ್ಲಿ ಬರೆದಿಡಬೇಕು.

ನಿತ್ಯದ ಜಮಾ ಖರ್ಚು ಬರೆಯುವ ವರ್ತಕನಿಗೆ ಈ ಕೊನೆಯ ಕೆಲಸ ಹೊಸದಲ್ಲ. ಅಂಗಡಿಯ ಲೆಕ್ಕಕ್ಕೆ ಕೊಡುವ ಹತ್ತು ನಿಮಿಷದಲ್ಲಿ ಒಂದು ನಿಮಿಷ ಮೀಟರಿಗೂ ಮೀಸಲಾದರೆ, ಅದಕ್ಕೆ ತೆತ್ತ ಬೆಲೆ ಸಾರ್ಥಕವಾದೀತು.