ಹೊಲಿದ ಹಡಗು: ಒಂದು ರಟ್ಟಿನ ಪಟ್ಟಿಯ ಪಾಠ

ಮಹದೇವಪುರದ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಏಳನೆಯ ತರಗತಿಯ ಮಕ್ಕಳಿಂದ ಹಾಯಿಹಡಗಿನ ಮಾದರಿ ಮಾಡಿಸಿದೆ. ಪೀಠಿಕೆಗೆ ಐಎನ್‌ಎಸ್‌ವಿ ಕೌಂಡಿನ್ಯದ ಚಿತ್ರ ತೋರಿಸಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ ಕಟ್ಟಿದ ಈ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಲಗೆಗಳನ್ನು ಜೋಡಿಸಿರುವುದು ಮೊಳೆಯಿಂದಲ್ಲ, ತೆಂಗಿನ ನಾರಿನ ಹಗ್ಗದ ಹೊಲಿಗೆಯಿಂದ.

ಸಾಧನಗಳು: ಹಳೆಯ ರಟ್ಟು, ದಬ್ಬಣ, ದಪ್ಪ ದಾರ, ಬಟ್ಟೆ ಕ್ಲಿಪ್ಪು, ಮೇಣದಬತ್ತಿ, ನೀರಿನ ಟಬ್ಬು.

ಮೊದಲ ದಿನ ಮಕ್ಕಳು ಕಣ್ಣಳತೆಯಲ್ಲೇ ತೂತು ಹಾಕಿದರು. ಎದುರುಬದುರಿನ ತೂತುಗಳು ಕೂಡಲಿಲ್ಲ. ದಾರ ಎಳೆದಂತೆ ರಟ್ಟಿನ ಹಲಗೆ ಸೊಟ್ಟಗಾಯಿತು. ಅವಧಿ ಮುಗಿಯುವ ಗಡಿಬಿಡಿಯಲ್ಲಿ ಒಬ್ಬಳ ಕೈಯಿಂದ ತೆಗೆದುಕೊಂಡು ನಾನೇ ಹೊಲಿದುಕೊಟ್ಟೆ. "ಇದು ಈಗ ನಿಮ್ಮ ಹಡಗು, ಮಿಸ್" ಎಂದಳು.

ಆ ರಾತ್ರಿ ರಟ್ಟಿನ ಪಟ್ಟಿಯೊಂದಕ್ಕೆ ಸೆಂಟಿಮೀಟರಿಗೊಂದರಂತೆ ತೂತು ಹಾಕಿದೆ. ಮರುದಿನ ಮಕ್ಕಳು ಅದನ್ನು ಎರಡೂ ಹಲಗೆಗಳ ಅಂಚಿಗೆ ಒಂದೇ ತುದಿಯಿಂದ ಇಟ್ಟು, ಕ್ಲಿಪ್ಪು ಹಾಕಿ, ಗುರುತು ಮಾಡಿಕೊಂಡರು. ತೂತುಗಳು ಕೂಡಿದವು. ಹೊಲಿದ ಮೇಲೆ ರಟ್ಟಿಗೂ ಸಂದಿಗೂ ಮೇಣ ಉಜ್ಜಿದರು. ಟಬ್ಬಿನಲ್ಲಿ ಒಂದು ಹಡಗು ಸೋರಿತು. ಬಿಟ್ಟುಹೋಗಿದ್ದ ಹೊಲಿಗೆಯನ್ನು ಆ ಗುಂಪೇ ಹುಡುಕಿ ಹಾಕಿತು; ನಾನು ಕೈಕಟ್ಟಿ ನಿಂತಿದ್ದೆ.

ಮುಂದಿನ ಸಲ ಪಟ್ಟಿಯನ್ನೂ ಮಕ್ಕಳಿಂದಲೇ ಮಾಡಿಸುವೆ. ಅಳತೆಯ ಕಲಿಕೆ ಅಲ್ಲಿಂದಲೇ ಶುರುವಾಗಬೇಕಿತ್ತು.