ಎದೆಹಾಲಿನಿಂದ ಹಸುವಿನ ಹಾಲಿಗೆ: ಯಾವಾಗ, ಎಷ್ಟು, ಹೇಗೆ?

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಈ ಪಾಠದ ಅಧ್ಯಯನದ ನಂತರ ಸದಸ್ಯರು ಮೂರು ಪ್ರಶ್ನೆಗಳಿಗೆ ಖಚಿತವಾಗಿ ಉತ್ತರಿಸಲು ಶಕ್ತರಾಗಬೇಕು. ಎದೆಹಾಲು ಕುಡಿಯುವ ಮಗುವಿಗೆ ಹಸುವಿನ ಹಾಲನ್ನು ಯಾವ ವಯಸ್ಸಿನಲ್ಲಿ ಆರಂಭಿಸಬೇಕು? ಅದಕ್ಕೆ ಮುನ್ನ ಆರಂಭಿಸಿದರೆ ಆಗುವ ಹಾನಿ ಏನು? ತಾಯಿ ಎದೆಹಾಲನ್ನು ಮುಂದುವರಿಸಲು ಗ್ರಾಮ ಪಂಚಾಯಿತಿ ಏನು ಮಾಡಬಲ್ಲದು?

1. ಈ ವಿಷಯ ಪಂಚಾಯಿತಿಗೆ ಏಕೆ?

ಮಗುವಿಗೆ ಹಾಲು ಕುಡಿಸುವುದು ಮನೆಯೊಳಗಿನ ಸಂಗತಿ, ಅದರಲ್ಲಿ ಪಂಚಾಯಿತಿಗೆ ಕೆಲಸವೇನು ಎಂಬ ಪ್ರಶ್ನೆ ಸಹಜ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಪಶುಸಂಗೋಪನೆ ಮತ್ತು ಹೈನುಗಾರಿಕೆ ಅವುಗಳಲ್ಲಿ ಒಂದು. ಆರೋಗ್ಯ ಮತ್ತು ನೈರ್ಮಲ್ಯ ಇನ್ನೊಂದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮತ್ತೊಂದು. ಈ ಮೂರೂ ವಿಷಯಗಳು ಒಂದೇ ಮನೆಯಲ್ಲಿ, ಒಂದೇ ಲೋಟದಲ್ಲಿ ಸಂಧಿಸುತ್ತವೆ. ಹೈನುಗಾರಿಕೆ ಬೆಳೆದ ಊರಿನಲ್ಲಿ ಹಾಲು ಕೈಗೆಟಕುವಂತಿರುತ್ತದೆ. ಅದು ಸಮೃದ್ಧಿಯ ಗುರುತು. ಆದ್ದರಿಂದಲೇ ಕೂಸಿಗೂ ಅದು ಒಳ್ಳೆಯದೆಂದು ಮನೆಯವರು ಪ್ರೀತಿಯಿಂದಲೇ ಭಾವಿಸುತ್ತಾರೆ.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 59 ತಿಂಗಳ ವಯಸ್ಸಿನ ಮಕ್ಕಳಲ್ಲಿ ರಕ್ತಹೀನತೆ ಇರುವವರ ಪ್ರಮಾಣ ದೇಶದಲ್ಲಿ ಶೇ. 67.1, ಕರ್ನಾಟಕದಲ್ಲಿ ಶೇ. 65.5. ಇದಕ್ಕೆ ಕಾರಣಗಳು ಹಲವು. ಸಮಯಕ್ಕೆ ಮುನ್ನ ಆರಂಭಿಸಿದ ಹಸುವಿನ ಹಾಲು, ತಡವಾಗಿ ಆರಂಭಿಸಿದ ಗಟ್ಟಿ ಆಹಾರ ಇವೆರಡೂ ಆ ಕಾರಣಗಳಲ್ಲಿ ಸೇರಿವೆ. ಹೆಚ್ಚಿನ ವೆಚ್ಚವಿಲ್ಲದೆ ಊರಿನಲ್ಲಿಯೇ ಸರಿಪಡಿಸಬಹುದಾದವೂ ಇವೇ.

2. ಮೂರು ಗಡಿಗಳು

ಯಾವ ತಿಂಗಳಲ್ಲಿ ಎದೆಹಾಲು ಬಿಡಿಸಿ ಹಸುವಿನ ಹಾಲಿಗೆ ಹಾಕಬೇಕು ಎಂದು ಕೇಳುವುದು ರೂಢಿ. ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ಗ್ರಹಿಕೆ ಅಡಗಿದೆ: ಒಂದು ಹೋಗಿ ಇನ್ನೊಂದು ಬರಬೇಕೆಂಬ ಗ್ರಹಿಕೆ. ವಾಸ್ತವವಾಗಿ ಮಗುವಿನ ಮೊದಲ ಎರಡು ವರ್ಷಗಳಲ್ಲಿ ಮೂರು ಗಡಿಗಳಿವೆ.

ಮೊದಲನೆಯದು 6 ತಿಂಗಳು. ಅಲ್ಲಿಯವರೆಗೆ ಎದೆಹಾಲು ಮಾತ್ರ. ನೀರು, ಸಕ್ಕರೆ ನೀರು, ಜೇನುತುಪ್ಪ, ಹಸುವಿನ ಹಾಲು ಯಾವುದೂ ಬೇಡ. 6 ತಿಂಗಳು ತುಂಬಿದೊಡನೆ ಎದೆಹಾಲಿನ ಜೊತೆಗೆ ಮೆತ್ತಗಿನ ಗಟ್ಟಿ ಆಹಾರ ಆರಂಭವಾಗಬೇಕು. ಈ ಘಟ್ಟದಲ್ಲಿ ಮಗುವಿಗೆ ಬೇಕಾದದ್ದು ಬೇರೆ ಹಾಲಲ್ಲ, ಊಟ.

ಎರಡನೆಯದು 12 ತಿಂಗಳು. ಒಂದು ವರ್ಷ ತುಂಬಿದ ಮೇಲೆ ಹಸುವಿನ ಹಾಲನ್ನು ಪಾನೀಯವಾಗಿ ಕೊಡಬಹುದು. ಆಗಲೂ ಅದು ಊಟದ ಜೊತೆಗಿನ ಒಂದು ಪದಾರ್ಥವೇ ಹೊರತು ಊಟವಲ್ಲ.

ಮೂರನೆಯದು 24 ತಿಂಗಳು. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲನ್ನು ಮುಂದುವರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. 6ರಿಂದ 12 ತಿಂಗಳ ಅವಧಿಯಲ್ಲಿ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು, ಎರಡನೆಯ ವರ್ಷದಲ್ಲಿ ಸುಮಾರು ಮೂರನೆಯ ಒಂದು ಭಾಗ ಎದೆಹಾಲಿನಿಂದಲೇ ದೊರೆಯುತ್ತದೆ. ವರ್ಷ ಕಳೆದ ಮೇಲೆ ಎದೆಹಾಲು ಬರಿಯ ನೀರಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

3. ವರ್ಷ ತುಂಬುವ ಮುನ್ನ ಹಸುವಿನ ಹಾಲು ಏಕೆ ಬೇಡ?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗಾದೆ. ಹಾಲೆಲ್ಲವೂ ಒಂದೇ ಅಲ್ಲ ಎಂಬುದನ್ನೂ ಅದರೊಡನೆ ನೆನಪಿಡಬೇಕು. ಹಸುವಿನ ಹಾಲು ವೇಗವಾಗಿ ಬೆಳೆಯುವ ಕರುವಿನ ದೇಹಕ್ಕೆ ಹೊಂದಿಕೊಂಡದ್ದು.

100 ಮಿಲಿಲೀಟರ್ ತಾಯಿಯ ಹಾಲಿನಲ್ಲಿ ಸುಮಾರು 1 ಗ್ರಾಂ ಪ್ರೋಟೀನ್ ಇದ್ದರೆ, ಹಸುವಿನ ಹಾಲಿನಲ್ಲಿ 3 ಗ್ರಾಂಗಿಂತ ಹೆಚ್ಚು ಇದೆ. ಲವಣಾಂಶವೂ ಸುಮಾರು ಮೂರು ಪಟ್ಟು. ಈ ಹೆಚ್ಚುವರಿಯನ್ನು ಸೋಸಿ ಹೊರಹಾಕುವ ಹೊರೆ ಇನ್ನೂ ಬಲಿಯದ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಭೇದಿ ಅಥವಾ ಜ್ವರ ಬಂದಾಗ, ಬಿಸಿಲು ಹೆಚ್ಚಿದಾಗ ಮಗು ಬೇಗ ನಿರ್ಜಲಗೊಳ್ಳುವ ಅಪಾಯವಿರುತ್ತದೆ. ಎಮ್ಮೆಯ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬು ಇನ್ನೂ ಹೆಚ್ಚು.

ಅದಕ್ಕಿಂತ ಮುಖ್ಯವಾದದ್ದು ಕಬ್ಬಿಣಾಂಶ. ಮಗು ಗರ್ಭದಲ್ಲಿ ಸಂಗ್ರಹಿಸಿಕೊಂಡ ಕಬ್ಬಿಣಾಂಶ ಸುಮಾರು 6 ತಿಂಗಳಿಗೆ ಸಾಕಾಗುತ್ತದೆ. ಎದೆಹಾಲಿನಲ್ಲಿಯೂ ಕಬ್ಬಿಣಾಂಶ ಕಡಿಮೆಯೇ. ಆದರೆ ಇರುವುದರಲ್ಲಿ ಸುಮಾರು ಅರ್ಧದಷ್ಟನ್ನು ಮಗುವಿನ ದೇಹ ಹೀರಿಕೊಳ್ಳುತ್ತದೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿರುವುದು ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಅದರಲ್ಲಿ ಹತ್ತನೆಯ ಒಂದು ಭಾಗ ಮಾತ್ರ ದೇಹಕ್ಕೆ ಸೇರುತ್ತದೆ. ಆ ಹಾಲಿನ ಸುಣ್ಣಾಂಶ ಮತ್ತು ಕೇಸೀನ್ ಎಂಬ ಪ್ರೋಟೀನ್ ಇತರ ಆಹಾರದ ಕಬ್ಬಿಣಾಂಶವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಕೆಲವು ಎಳೆಯ ಮಕ್ಕಳಲ್ಲಿ ಇದೇ ಹಾಲಿನಿಂದ ಕರುಳಿನೊಳಗೆ ಕಣ್ಣಿಗೆ ಕಾಣದಷ್ಟು ಅಲ್ಪ ರಕ್ತಸ್ರಾವವೂ ಆಗುತ್ತದೆ.

6 ತಿಂಗಳ ನಂತರ ಅಂಬಲಿ, ಪಾಯಸ ಮೊದಲಾದ ಅಡುಗೆಯಲ್ಲಿ ಸ್ವಲ್ಪ ಹಾಲು ಅಥವಾ ಅನ್ನದ ಜೊತೆಗೆ ಸ್ವಲ್ಪ ಮೊಸರು ಬಳಸುವುದಕ್ಕೆ ಅಡ್ಡಿಯಿಲ್ಲ. ಬೇಡವೆಂದಿರುವುದು ಎದೆಹಾಲಿನ ಬದಲಿಗೆ ಅಥವಾ ಊಟದ ಬದಲಿಗೆ ಲೋಟಗಟ್ಟಲೆ ಕುಡಿಸುವುದು.

4. ನೀರು ಬೆರೆಸಿದ ಹಾಲಿನ ಲೆಕ್ಕ

ಹಸುವಿನ ಹಾಲು ಕೂಸಿಗೆ ಭಾರವೆಂದು ಹಿರಿಯರು ಅದಕ್ಕೆ ಸಮಪಾಲು ನೀರು ಬೆರೆಸುತ್ತಾರೆ. ಹಾಲು ಭಾರವೆಂಬ ಅವರ ಗ್ರಹಿಕೆ ಸರಿ. ಪರಿಹಾರ ಮಾತ್ರ ಸರಿಯಲ್ಲ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 130 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ಸಮಪಾಲು ನೀರು ಬೆರೆಸಿದರೆ ಅಷ್ಟೇ ಪ್ರಮಾಣದಲ್ಲಿ ದೊರೆಯುವುದು 65 ಮಾತ್ರ. ಮಗುವಿನ ಹೊಟ್ಟೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಅಂದರೆ 8 ಕಿಲೋಗ್ರಾಂ ತೂಗುವ ಮಗುವಿಗೆ ಸುಮಾರು 240 ಮಿಲಿಲೀಟರ್. ಆ ಒಂದು ಲೋಟ ನೀರು ಹಾಲಿಗೇ ಹೊಟ್ಟೆ ಬಹುಪಾಲು ತುಂಬುತ್ತದೆ, ಮಗು ಅಳು ನಿಲ್ಲಿಸುತ್ತದೆ. ದೊರೆತ ಶಕ್ತಿ ಅರ್ಧ. ಬೆರೆಸಿದ ನೀರು ಶುದ್ಧವಿಲ್ಲದಿದ್ದರೆ ಭೇದಿಯೂ ಜೊತೆಗೂಡುತ್ತದೆ.

ಆದ್ದರಿಂದ ಹೊಟ್ಟೆಯ ಜಾಗವನ್ನು ಗಟ್ಟಿ ಆಹಾರಕ್ಕೆ ಮೀಸಲಿಡಬೇಕು. ಚಮಚದಿಂದ ಜಾರದಷ್ಟು ಗಟ್ಟಿಯಾದ ರಾಗಿ ಸರಿ, ನುಣ್ಣಗೆ ಮಸೆದ ಬೇಳೆ ಅನ್ನ, ಬೆಂದ ಸೊಪ್ಪು, ಮೊಟ್ಟೆ, ಪರಂಗಿ, ಬಾಳೆಹಣ್ಣು ಇವು ನಮ್ಮ ಮನೆಗಳಲ್ಲಿಯೇ ದೊರೆಯುವಂಥವು. ಒಂದು ಟೀ ಚಮಚ ತುಪ್ಪ ಬೆರೆಸಿದರೆ ಸುಮಾರು 40 ಕಿಲೋಕ್ಯಾಲೊರಿ ಸೇರುತ್ತದೆ. 6ರಿಂದ 8 ತಿಂಗಳವರೆಗೆ ದಿನಕ್ಕೆ 2-3 ಬಾರಿ, 9ನೇ ತಿಂಗಳಿಂದ 3-4 ಬಾರಿ ಉಣಿಸಬೇಕು.

5. ತೂಕ ಸರಿಯಿದ್ದರೂ ರಕ್ತ ಕಡಿಮೆ

ಸದಸ್ಯರು ಒಂದು ಮನೆಯನ್ನು ಊಹಿಸಿಕೊಳ್ಳಲಿ. ಮನೆಯಲ್ಲಿ ಎರಡು ಹಸುಗಳಿವೆ. ಮಗುವಿಗೆ ಐದು ತಿಂಗಳಾದಾಗ ತಾಯಿ ಕೂಲಿಗೆ ಹೊರಡುತ್ತಾಳೆ. ಅಜ್ಜಿ ಹಗಲೆಲ್ಲ ಹಸುವಿನ ಹಾಲು ಕುಡಿಸುತ್ತಾಳೆ. ಹತ್ತನೆಯ ತಿಂಗಳಲ್ಲಿ ಮಗು ದುಂಡಗಿದೆ. ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಸರಿಯಾಗಿಯೇ ಇದೆ. ಆದರೆ ಅಂಗೈ ಮತ್ತು ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿವೆ, ಆಟದಲ್ಲಿ ಉತ್ಸಾಹವಿಲ್ಲ, ಊಟ ಕಂಡರೆ ಮುಖ ತಿರುಗಿಸುತ್ತದೆ. ತಕ್ಕಡಿ ಹೇಳದ ಸತ್ಯವನ್ನು ರಕ್ತಪರೀಕ್ಷೆ ಹೇಳುತ್ತದೆ. ಈ ವಯಸ್ಸಿನ ಕಬ್ಬಿಣಾಂಶದ ಕೊರತೆ ಮೆದುಳಿನ ಬೆಳವಣಿಗೆಯನ್ನು ಕುಗ್ಗಿಸಬಲ್ಲದು. ಮುಂದೆ ಔಷಧ ಕೊಟ್ಟರೂ ಆ ನಷ್ಟ ಪೂರ್ತಿಯಾಗಿ ತುಂಬದಿರಬಹುದು.

ಆ ಮನೆಯಲ್ಲಿ ಯಾರೂ ಮಗುವನ್ನು ಕಡೆಗಣಿಸಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಅಲ್ಲಿ ಇಲ್ಲದಿದ್ದದ್ದು ಎರಡೇ: ತಾಯಿಗೆ ಹಾಲೂಡಿಸುವ ಬಿಡುವು ಮತ್ತು ಅಜ್ಜಿಗೆ ಸಕಾಲದ ಮಾಹಿತಿ.

6. ವರ್ಷ ತುಂಬಿದ ಮೇಲೆ ಪಾಲಿಸಬೇಕಾದ ಕ್ರಮ

ಅ) ಹಸುವಿನ ಹಾಲು ದಿನಕ್ಕೆ ಸುಮಾರು 500 ಮಿಲಿಲೀಟರ್ ಮೀರಬಾರದು. ಎದೆಹಾಲು ಚೆನ್ನಾಗಿ ಕುಡಿಯುವ ಮಗುವಿಗೆ ಅಷ್ಟೂ ಬೇಕಿಲ್ಲ.

ಆ) ಹಾಲನ್ನು ಚೆನ್ನಾಗಿ ಕುದಿಸಿಯೇ ಕೊಡಬೇಕು. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್, ಕ್ಷಯ ಮುಂತಾದ ರೋಗಗಳು ಹರಡಬಲ್ಲವು. ನೀರು ಬೆರೆಸಬಾರದು, ಕೆನೆ ತೆಗೆಯಬಾರದು.

ಇ) ಬಾಟಲಿ ಬೇಡ, ಲೋಟ, ಚಮಚ ಅಥವಾ ಒಳಲೆ ಸಾಕು. ಬಾಟಲಿಯ ರಬ್ಬರು ಮೊಲೆತೊಟ್ಟನ್ನು ಶುಚಿಯಾಗಿಡುವುದು ಕಷ್ಟ.

ಈ) ಮೊದಲು ಊಟ, ನಂತರ ಹಾಲು. ಚಹಾ, ಕಾಫಿ ಬೇಡ. ಅವು ಕಬ್ಬಿಣಾಂಶವನ್ನು ಹೀರಲು ಬಿಡುವುದಿಲ್ಲ.

ಉ) ಎದೆಹಾಲು ಬಿಡಿಸುವ ಕಾಲ ಬಂದಾಗಲೂ ದಿನಕ್ಕೊಂದು ಸರದಿಯನ್ನು ಮಾತ್ರ ಕಡಿಮೆ ಮಾಡಿ, ಕೆಲವು ದಿನ ಬಿಟ್ಟು ಇನ್ನೊಂದನ್ನು ಕಡಿಮೆ ಮಾಡುತ್ತ ಹೋಗಬೇಕು. ಎದೆಗೆ ಬೇವಿನ ರಸ ಸವರುವುದು, ಮಗುವನ್ನು ಒಮ್ಮೆಲೇ ಅಜ್ಜಿಯ ಮನೆಗೆ ಕಳುಹಿಸುವುದು ಮಗುವಿಗೂ ತಾಯಿಗೂ ಹಿಂಸೆ. ಮಗು ಕಾಯಿಲೆಯಲ್ಲಿರುವಾಗ ಬಿಡಿಸಲೇಬಾರದು.

7. ಎದೆಹಾಲು ದೊರೆಯದ ಮಕ್ಕಳು

ತಾಯಿಯ ಮರಣ, ತೀವ್ರ ಕಾಯಿಲೆ ಮುಂತಾದ ಕಾರಣಗಳಿಂದ ಎದೆಹಾಲು ದೊರೆಯದ ಮಕ್ಕಳೂ ಇದ್ದಾರೆ. 6 ತಿಂಗಳೊಳಗಿನ ಅಂಥ ಮಗುವಿನ ಆಹಾರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ನಿರ್ಧರಿಸಬೇಕು. 6ರಿಂದ 11 ತಿಂಗಳ ಅಂಥ ಮಕ್ಕಳಿಗೆ ಶಿಶು ಹಾಲಿನ ಪುಡಿ ಅಥವಾ ಪ್ರಾಣಿಗಳ ಹಾಲು ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಒಪ್ಪುತ್ತದೆ. ಆದ್ದರಿಂದ ಬಡತನದ ಕಾರಣ ಪುಡಿ ಕೊಳ್ಳಲಾಗದ ಕುಟುಂಬವನ್ನು ದೂಷಿಸದೆ, ಕಬ್ಬಿಣಾಂಶವುಳ್ಳ ಆಹಾರ ಮತ್ತು ವೈದ್ಯಕೀಯ ಸಲಹೆ ದೊರೆಯುವಂತೆ ನೋಡಿಕೊಳ್ಳಬೇಕು.

8. ಗ್ರಾಮ ಪಂಚಾಯಿತಿಯ ಕರ್ತವ್ಯ

ತಾಯಿಗೆ ಉಪದೇಶಿಸುವುದು ಸುಲಭ. ಅವಳಿಗೆ ಸಮಯ ಮತ್ತು ಸ್ಥಳ ಒದಗಿಸುವುದು ಪಂಚಾಯಿತಿಯ ಕೆಲಸ.

ಕೆಲಸದ ಸ್ಥಳ: ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ತಾಯಂದಿರೊಡನೆ ಕಾಮಗಾರಿ ಸ್ಥಳಕ್ಕೆ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆಯು ವಿಧಿಸಿತು. ಈ ತತ್ತ್ವವನ್ನು ಪಂಚಾಯಿತಿಯ ಪ್ರತಿ ಕಾಮಗಾರಿಯಲ್ಲಿಯೂ ಪಾಲಿಸಬೇಕು. ನೆರಳು, ಕುಡಿಯುವ ನೀರು, ಹಾಲೂಡಿಸಲು ಮರೆ ಇರುವುದನ್ನು ಸದಸ್ಯರು ಖುದ್ದಾಗಿ ಪರಿಶೀಲಿಸಬೇಕು.

ಕೂಸಿನ ಮನೆ: ಈ ಶಿಶುಪಾಲನಾ ಕೇಂದ್ರ ಇರುವ ಪಂಚಾಯಿತಿಗಳಲ್ಲಿ ತಾಯಂದಿರು ನಡುವೆ ಬಂದು ಹಾಲೂಡಿಸಲು ಅವಕಾಶವಿರಬೇಕು. ಹಿಂಡಿ ತೆಗೆದ ಎದೆಹಾಲು ಮುಚ್ಚಿದ ಶುಚಿಯಾದ ಪಾತ್ರೆಯಲ್ಲಿ, ತಂಪಾದ ಜಾಗದಲ್ಲಿ ಸುಮಾರು 4 ಗಂಟೆ ಕೆಡದೆ ಇರುತ್ತದೆ ಎಂಬುದನ್ನು ಕಾರ್ಯಕರ್ತೆಯರಿಗೂ ತಾಯಂದಿರಿಗೂ ತಿಳಿಸಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ದಿನ: 9ನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ತಾಯಿ ಬಂದಾಗಲೇ ಹಸುವಿನ ಹಾಲಿನ ವಿಷಯವನ್ನು ತಿಳಿಸಬೇಕು, ಅಜ್ಜಿಯನ್ನೂ ಜೊತೆಗೆ ಕರೆಯಬೇಕು. 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ಕೊಡುವ ವ್ಯವಸ್ಥೆ ಇದೆ. ದಾಸ್ತಾನು ಇದೆಯೇ, ಮನೆಗೆ ತಲುಪಿದೆಯೇ ಎಂದು ಪ್ರತಿ ತಿಂಗಳೂ ಆಶಾ ಕಾರ್ಯಕರ್ತೆಯರಿಂದ ತಿಳಿಯಬೇಕು.

ಕ್ಷೀರ ಭಾಗ್ಯ: 2013ರಲ್ಲಿ ಆರಂಭವಾದ ಈ ಯೋಜನೆ ಶಾಲೆ ಹಾಗೂ ಅಂಗನವಾಡಿಯ ಮಕ್ಕಳಿಗಾಗಿ ಇದೆ. ಸರ್ಕಾರವೇ ಹಾಲು ಕೊಡುತ್ತಿದೆ, ಆದ್ದರಿಂದ ಕೂಸಿಗೂ ಕುಡಿಸಬಹುದು ಎಂಬ ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು.

ಪ್ರಚಾರದ ಮೇಲೆ ಕಣ್ಣು: ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ ಮತ್ತು ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆ ಹಾಗೂ ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಪಂಚಾಯಿತಿಯ ಶಿಬಿರಗಳಲ್ಲಿ ಅಂಥ ಉಡುಗೊರೆ, ಮಾದರಿ ಹಂಚಲು ಅವಕಾಶ ಕೊಡಬಾರದು.

9. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(1) ನಿಮ್ಮ ವಾರ್ಡಿನಲ್ಲಿ ಒಂದು ವರ್ಷದೊಳಗಿನ ಮಕ್ಕಳೆಷ್ಟು? ಅವರಲ್ಲಿ ಹಸುವಿನ ಹಾಲು ಕುಡಿಯುತ್ತಿರುವವರೆಷ್ಟು?

(2) ಹೆರಿಗೆಯಾದ ಎಷ್ಟು ತಿಂಗಳಿಗೆ ತಾಯಂದಿರು ಕೂಲಿಗೆ ಮರಳುತ್ತಿದ್ದಾರೆ? ಆಗ ಮಗು ಯಾರ ಬಳಿ ಇರುತ್ತದೆ?

(3) ಮುಂದಿನ ಕಾಮಗಾರಿಯಲ್ಲಿ ಹಾಲೂಡಿಸುವ ತಾಯಂದಿರಿಗಾಗಿ ಯಾವ ಒಂದು ಸೌಲಭ್ಯವನ್ನು ಕೂಡಲೇ ಒದಗಿಸಬಹುದು?

ನೆನಪಿಡಬೇಕಾದ ಸೂತ್ರ: ಆರಕ್ಕೆ ಊಟ, ಹನ್ನೆರಡಕ್ಕೆ ಹಸುವಿನ ಹಾಲು, ಇಪ್ಪತ್ನಾಲ್ಕರವರೆಗೂ ತಾಯಿಯ ಹಾಲು. ಮೊದಲ ಪ್ರಶ್ನೆಯ ಉತ್ತರವನ್ನು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಬರೆದುಕೊಂಡು ಸದಸ್ಯರು ಮುಂದಿನ ಸಾಮಾನ್ಯ ಸಭೆಗೆ ಹಾಜರಾಗಬೇಕೆಂದು ಕೋರಲಾಗಿದೆ.