ಪರೀಕ್ಷೆ ಬಿಟ್ಟು ಬಸ್ ಹತ್ತುವ ಮುನ್ನ

ಗುಂಡ್ಲುಪೇಟೆಯಲ್ಲಿ ಕೊನೆಯ ವರ್ಷ ಓದುತ್ತಿದ್ದೀರಿ. ನಂಜನಗೂಡಿನ ಕಾರ್ಖಾನೆಯೊಂದರಿಂದ ಆರು ತಿಂಗಳ ತರಬೇತಿಗೆ ಕರೆ ಬಂತೆನ್ನಿ. ಮನೆಯಲ್ಲಿ ಬೋರ್‌ವೆಲ್ ಸಾಲ, ಅರಿಸಿನಕ್ಕೆ ಬೆಲೆಯಿಲ್ಲ. ಡಿಗ್ರಿ ಮುಂದಿನ ವರ್ಷ ಮುಗಿಸಿದರಾಯಿತು ಅನ್ನಿಸುವುದು ಸಹಜ.

ಸ್ವಲ್ಪ ತಾಳಿ. ಈ ತರಬೇತಿಗೆ ಕ್ರೆಡಿಟ್ ಸಿಗುತ್ತದೆಯೇ ಎಂದು ಮೊದಲು ಕಾಲೇಜಿನಲ್ಲಿ ಕೇಳಿ. ಉದಾಹರಣೆಗೆ, ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ್ದು. ಅಲ್ಲಿ ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವೇ. ಬಿ.ಎ., ಬಿ.ಕಾಂ.ನವರ ಕಥೆ ಬೇರೆ, ಕ್ರೆಡಿಟ್ ಸಿಗದೆಯೂ ಹೋಗಬಹುದು. ಹಾಜರಾತಿ ಕಮ್ಮಿಯಾಗಿ ಸೆಮಿಸ್ಟರ್ ಕೈತಪ್ಪಿದರೆ ಅದೇ ತರಗತಿ ಮತ್ತೆ ಸಿಗುವುದು ವರ್ಷದ ಮೇಲೆ. ಅಷ್ಟರಲ್ಲಿ ಸಿಲಬಸ್ ಬದಲಾಗಿದ್ದರೆ ಇನ್ನೊಂದು ಫಜೀತಿ. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನದ ಗತಿಯನ್ನೂ ಕೇಳಿಟ್ಟುಕೊಳ್ಳಿ.

ಇನ್ನೊಂದು ವಿಷಯ ಹಲವರ ಕಿವಿಗೇ ಬಿದ್ದಿರುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಸ್ಟೈಪೆಂಡ್ ಸಹಿತ ತರಬೇತಿಯಿದೆ, ಬಿ.ಎ. ಆದವರೂ ‘ನ್ಯಾಟ್ಸ್’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು. ಪದವೀಧರರ ಈ ತರಬೇತಿಗೆ ಅಲ್ಲಿ ಕೇಳುವುದು ಮುಗಿಸಿದ ಡಿಗ್ರಿಯನ್ನೇ.

ಕೆಲಸ ನೀವು ಕಲಿತದ್ದಕ್ಕೆ ಹೊಂದುತ್ತಿದ್ದು, ಮುಂದೆ ಕಾಯಂ ಮಾಡುವ ಮಾತನ್ನು ಕಂಪನಿ ಬರವಣಿಗೆಯಲ್ಲಿ ಕೊಟ್ಟರೆ, ಆಗ ಒಂದು ವರ್ಷ ತಡವಾದರೂ ನಾನು ಬೇಡ ಎನ್ನಲಾರೆ. ಬರೀ ಬಾಯಿಮಾತಾದರೆ ಪರೀಕ್ಷೆ ಬರೆದು ಹೊರಡಿ. ನಂಜನಗೂಡಿಗೆ ಬಸ್ಸು ಆಮೇಲೂ ಇರುತ್ತದೆ.